ಓಟಿ ನೋಡದೆ ಕಾಫಿ ಮಾರಲ್ಲ, ಲಿನಕ್ಸ್ ಮಾತ್ರ ಯಾಕೆ ಕಣ್ಣುಮುಚ್ಚಿ ಹಾಕ್ಬೇಕು?

ಡಿಸೆಂಬರ್ ಕೊನೆಯ ವಾರ ರಜೆ ಹಾಕಿ ಊರಿಗೆ ಹೋಗಿದ್ದೆ. ಕಳಸದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಬ್ಯಾಗ್ ಕೆಳಗಿಡುವ ಮೊದಲೇ ಅಪ್ಪ ಹೇಳಿದ ಸುದ್ದಿ ಕಾಫಿ ರೇಟಿನದ್ದಲ್ಲ, ಮಂಗನ ಕಾಟದ್ದೂ ಅಲ್ಲ.

"ನಿನ್ನ ಲ್ಯಾಪ್‌ಟಾಪಿನ ಕಥೆ ಮುಗೀತಂತೆ ಮಾರಾಯ್ತಿ. ಹೊಸದು ತಗೊಳ್ಳಿ ಅಂದ್ರು ಅಂಗಡಿಯವರು."

ಅದು 2017ರಲ್ಲಿ ನಾನು ಮೊದಲ ಕೆಲಸದ ದುಡ್ಡಲ್ಲಿ ಕೊಂಡ ಲ್ಯಾಪ್‌ಟಾಪ್. ಇಂಟೆಲ್ ಏಳನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್. ನನಗೆ ಆಫೀಸಿನ ಲ್ಯಾಪ್‌ಟಾಪ್ ಸಿಕ್ಕ ಮೇಲೆ ಇದನ್ನು ಅಪ್ಪನಿಗೆ ಕೊಟ್ಟಿದ್ದೆ. ಅವರು ಅದರಲ್ಲಿ ಮಾಡುವ ಕೆಲಸ ಮೂರೇ: ತೋಟದ ಲೆಕ್ಕ, ಯೂಟ್ಯೂಬ್, ಮಳೆ ದಾಖಲೆ.

ಆನ್ ಮಾಡಿ ನೋಡಿದೆ. ಲ್ಯಾಪ್‌ಟಾಪಿಗೆ ಏನೂ ಆಗಿಲ್ಲ. ಪರದೆ, ಕೀಬೋರ್ಡ್ ಎಲ್ಲ ಸರಿಯಿದೆ. ಸಮಸ್ಯೆ ಬೇರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಸಾಮಾನ್ಯವಾಗಿ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ನಮ್ಮದು ಏಳನೆಯದು. ಒಂದೇ ಮೆಟ್ಟಿಲಲ್ಲಿ ಬಸ್ ತಪ್ಪಿತು.

ಬೆಂಬಲ ಮುಗಿದರೆ ನಾಳೆಯೇ ಲ್ಯಾಪ್‌ಟಾಪ್ ನಿಂತುಹೋಗುವುದಿಲ್ಲ. ಆದರೆ ಹೊಸ ಹೊಸ ಭದ್ರತಾ ತೂತುಗಳಿಗೆ ತೇಪೆ ಬರುವುದಿಲ್ಲ. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರದಲ್ಲಿ ಇದು ಸಣ್ಣ ವಿಷಯ ಅಲ್ಲ. ವೈಯಕ್ತಿಕ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ಘೋಷಿಸಿತ್ತು. ಅದು ಸ್ವಲ್ಪ ಕಾಲಾವಕಾಶ ಕೊಡುತ್ತದೆ, ಅಷ್ಟೇ.

ಹೊಸದು ಕೊಳ್ಳುವುದು ಒಂದು ದಾರಿ. ಇನ್ನೊಂದು ಲಿನಕ್ಸ್.

ಲಿನಕ್ಸ್ ಅಂದ ಕೂಡಲೇ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಟೈಪ್ ಮಾಡುವವರು ನೆನಪಾಗುತ್ತಾರೆ. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಅದರೊಳಗೂ ಇರುವುದು ಲಿನಕ್ಸ್ ಕರ್ನೆಲ್ಲೇ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದನ್ನು ಇವತ್ತು ಜಗತ್ತಿನ ಸಾವಿರಾರು ಜನ ಸೇರಿ ಬೆಳೆಸುತ್ತಿದ್ದಾರೆ. ಅದನ್ನು ಬಳಸಲು ಸುಲಭ ಆಗುವಂತೆ ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ ಅಂತ ಬೇರೆ ಬೇರೆ ರೂಪದಲ್ಲಿ ಕೊಡುತ್ತಾರೆ. ದುಡ್ಡು ಕೊಡಬೇಕಿಲ್ಲ.

ಅಪ್ಪನಿಗೆ ಇಷ್ಟನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಅದೆಲ್ಲ ಸರಿ. ನನ್ನ ಮಳೆ ಬರ್ತದಾ ಅದ್ರಲ್ಲಿ?"

ಅಪ್ಪನ ಮಳೆ

ನಮ್ಮ ಕಡೆಯ ಬೆಳೆಗಾರರ ಮನೆಗಳಲ್ಲಿ ಮಳೆ ಲೆಕ್ಕ ಬರೆಯುವುದು ವಾಡಿಕೆ. ಬೆಳಿಗ್ಗೆ ಎದ್ದು ಮಳೆ ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟು ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಅಪ್ಪ ಅದನ್ನು 2005ರಿಂದ ಕಂಪ್ಯೂಟರಿಗೆ ಹಾಕುತ್ತಾ ಬಂದಿದ್ದಾರೆ. ಆಗಿನದು ದೊಡ್ಡ ಡಬ್ಬದಂಥ ಕಂಪ್ಯೂಟರು. ಯಂತ್ರ ಬದಲಾದಾಗಲೆಲ್ಲ ಆ ಫೋಲ್ಡರ್ ಕೂಡ ಜೊತೆಗೆ ಬಂದಿದೆ. ಬರೀ ಅಂಕಿ ಅಲ್ಲ, ಪಕ್ಕದಲ್ಲಿ ಕನ್ನಡದಲ್ಲಿ ಟಿಪ್ಪಣಿಯೂ ಇರುತ್ತದೆ: ಹೂ ಮಳೆ ಯಾವಾಗ ಬಿತ್ತು, ಯಾವ ಬ್ಲಾಕಿಗೆ ಸ್ಪ್ರಿಂಕ್ಲರ್ ಹಾಕಿದ್ದು, ಎಷ್ಟು ದಿನಕ್ಕೆ ಹೂ ಬಿಟ್ಟಿತು.

ಕಾಫಿ ಗೊತ್ತಿಲ್ಲದವರಿಗೆ ಒಂದು ಮಾತು. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಬೀಳುವ ಹೂ ಮಳೆಯ ಮೇಲೆ ಮುಂದಿನ ವರ್ಷದ ಬೆಳೆ ನಿಂತಿದೆ. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು, ಅದಕ್ಕೆ ಬ್ಯಾಕಿಂಗ್ ಮಳೆ ಅನ್ನುತ್ತಾರೆ. ಮಳೆಗೆ ಕಾಯಬೇಕಾ, ನೀರು ಹಾಯಿಸಬೇಕಾ ಅಂತ ನಿರ್ಧರಿಸುವ ಹೊತ್ತಿಗೆ ಅಪ್ಪ ಹಳೆಯ ವರ್ಷಗಳನ್ನು ತಿರುವಿ ನೋಡುತ್ತಾರೆ. ಇಪ್ಪತ್ತು ವರ್ಷದ ಆ ಫೈಲುಗಳು ತೆರೆಯದಿದ್ದರೆ ಲಿನಕ್ಸ್ ಎಷ್ಟೇ ಚೆನ್ನಾಗಿದ್ದರೂ ನಮ್ಮ ಮನೆಗೆ ಬೇಡ.

ಅವತ್ತು ಮಧ್ಯಾಹ್ನವೇ ಕಾಫಿ ವ್ಯಾಪಾರಿ ಬಂದಿದ್ದರು. ನಾಲ್ಕಾರು ಮೂಟೆಗಳಿಂದ ಒಂದೊಂದು ಹಿಡಿ ಚೆರಿ ತೆಗೆದು ಸ್ಯಾಂಪಲ್ ಮಾಡಿದರು. ಸಿಪ್ಪೆ ತೆಗೆದು ಬೀಜ ತೂಗಿ ಓಟಿ ಲೆಕ್ಕ ಹಾಕಿದರು. 50 ಕೆಜಿ ಮೂಟೆಗೆ 27 ಕೆಜಿ ಬೀಜ ಬಂದರೆ ಓಟಿ 27, ರೇಟು ಆ ಪಾಯಿಂಟಿನ ಮೇಲೆ. ತೇವಾಂಶವನ್ನೂ ನೋಡಿದರು. ಅದೆಲ್ಲ ಆದ ಮೇಲೆಯೇ ಮಾತುಕತೆ.

ಲಿನಕ್ಸ್‌ಗೂ ಇಂಥದೊಂದು ಸ್ಯಾಂಪಲ್ ಇದೆ. ಎಷ್ಟೋ ಜನ ಅದನ್ನು ನೋಡದೆ ನೇರ ಇನ್‌ಸ್ಟಾಲ್ ಮಾಡಿ, ಫೈಲು ಕಳ್ಕೊಂಡು, ಲಿನಕ್ಸ್ ಸರಿ ಇಲ್ಲ ಅಂತ ಬೈಯುತ್ತಾರೆ.

ಪೆನ್‌ಡ್ರೈವ್ ಎಂಬ ಸ್ಯಾಂಪಲ್

ಇದಕ್ಕೆ ಲೈವ್ ಯುಎಸ್‌ಬಿ ಅಂತಾರೆ. ಪೂರ್ತಿ ಲಿನಕ್ಸ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಲ್ಯಾಪ್‌ಟಾಪಿನ ಡಿಸ್ಕಿಗೆ ಏನೂ ಬರೆಯುವುದಿಲ್ಲ. ಪೆನ್‌ಡ್ರೈವ್ ತೆಗೆದು ಮತ್ತೆ ಆನ್ ಮಾಡಿದರೆ ವಿಂಡೋಸ್ ಇದ್ದ ಹಾಗೇ ಇರುತ್ತದೆ.

ಬೇಕಾಗುವುದು 8 ಜಿಬಿಯ ಒಂದು ಪೆನ್‌ಡ್ರೈವ್. ಅದರಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ, ಖಾಲಿ ಇರುವುದನ್ನೇ ತಗೊಳ್ಳಿ. ನಾನು ಆರಿಸಿದ್ದು ಲಿನಕ್ಸ್ ಮಿಂಟ್ 22, ವಿಂಡೋಸ್ ಅಭ್ಯಾಸ ಆದವರಿಗೆ ಇದರ ಮೆನು ಹೊಸದು ಅನಿಸುವುದಿಲ್ಲ. ಉಬುಂಟು 24.04ರ ಬುನಾದಿ ಇದಕ್ಕೆ, 2029ರವರೆಗೆ ಅಪ್‌ಡೇಟ್ ಇದೆ. 2 ಜಿಬಿ ರ‍್ಯಾಮ್ ಇದ್ದರೂ ಓಡುತ್ತದೆ ಅನ್ನುತ್ತಾರೆ, 4 ಜಿಬಿ ಇದ್ದರೆ ಆರಾಮ.

ಫೈಲು ಸುಮಾರು 3 ಜಿಬಿ. ನಮ್ಮ ಮನೆಯ ಒಂದು ಕಡ್ಡಿ ನೆಟ್‌ವರ್ಕಿನಲ್ಲಿ ಅದು ಸಂಕ್ರಾಂತಿಯವರೆಗೂ ಇಳಿಯುತ್ತಿತ್ತು. ಮರುದಿನ ಮೂಡಿಗೆರೆಯಲ್ಲಿರುವ ಗೆಳತಿಯ ಮನೆಗೆ ಹೋಗಿ ಇಳಿಸಿಕೊಂಡೆ, ಬರುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆಯೂ ಆಯಿತು. ಇಳಿಸಿದ ಮೇಲೆ ಒಂದು ಕೆಲಸ ಮರೆಯಬೇಡಿ: ಅವರ ತಾಣದಲ್ಲಿ ಕೊಟ್ಟಿರುವ ಚೆಕ್‌ಸಮ್ ಜೊತೆ ನಿಮ್ಮ ಫೈಲಿನದನ್ನು ಹೋಲಿಸಿ. ಒಂದಕ್ಷರ ವ್ಯತ್ಯಾಸ ಇದ್ದರೂ ಡೌನ್‌ಲೋಡ್ ಹಾಳಾಗಿದೆ ಅಂತ ಅರ್ಥ. ಆಮೇಲೆ ರೂಫಸ್ ಅಥವಾ ಬಲೇನಾ ಎಚರ್ ಎಂಬ ಉಚಿತ ಸಾಧನದಿಂದ ಅದನ್ನು ಪೆನ್‌ಡ್ರೈವ್‌ಗೆ ಬರೆಯಬೇಕು. ಸುಮ್ಮನೆ ಕಾಪಿ-ಪೇಸ್ಟ್ ಮಾಡಿದರೆ ಆಗುವುದಿಲ್ಲ.

ಪರೀಕ್ಷೆಗೆ ಮೊದಲು ಮೂರು ಎಚ್ಚರ. ಒಂದು, ಮುಖ್ಯವಾದ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಎರಡು, ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಬೂಟ್ ಸೆಟಿಂಗ್ ಮುಟ್ಟಿದ ಮೇಲೆ ಅದನ್ನು ಕೇಳಬಹುದು. ಮೂರು, ಆಫೀಸಿನ ಲ್ಯಾಪ್‌ಟಾಪಿನಲ್ಲಿ ಈ ಪ್ರಯೋಗ ಬೇಡವೇ ಬೇಡ. ಅದು ನಿಮ್ಮದಲ್ಲ.

ಆನ್ ಮಾಡುವಾಗ ಬೂಟ್ ಮೆನುವಿನ ಕೀ ಒತ್ತಬೇಕು. ಕಂಪನಿಗೆ ತಕ್ಕಂತೆ ಅದು ಎಫ್12, ಎಫ್9 ಅಥವಾ ಎಸ್ಕೇಪ್ ಆಗಿರಬಹುದು. ಪೆನ್‌ಡ್ರೈವ್ ಆರಿಸಿದರೆ ಒಂದೆರಡು ನಿಮಿಷದಲ್ಲಿ ಮಿಂಟ್ ಪರದೆ ಬರುತ್ತದೆ. ಪರದೆಯ ಮೇಲೆಯೇ "ಇನ್‌ಸ್ಟಾಲ್" ಅನ್ನುವ ಐಕಾನ್ ಕಾಣಿಸುತ್ತದೆ. ಅದನ್ನು ಮಾತ್ರ ಇವತ್ತು ಮುಟ್ಟಬೇಡಿ.

ಒಂದೊಂದೇ ಒತ್ತಿ ನೋಡಿ

ಪರದೆ ಬಂದ ಕೂಡಲೇ ಅರ್ಧ ಜನ ಗೆದ್ದೆವು ಅಂದುಕೊಳ್ಳುತ್ತಾರೆ. ಪರೀಕ್ಷೆ ಶುರುವಾಗುವುದೇ ಅಲ್ಲಿಂದ. ನಾನೊಂದು ಹಾಳೆಯಲ್ಲಿ ಪಟ್ಟಿ ಮಾಡಿಕೊಂಡು ಕೂತೆ.

ವೈಫೈ: ಮೊದಲ ಪೆಟ್ಟು ಇಲ್ಲೇ. ಪಟ್ಟಿಯಲ್ಲಿ ಒಂದು ನೆಟ್‌ವರ್ಕೂ ಇಲ್ಲ. ವೈಫೈ ಚಿಪ್ ತಯಾರಕರು ಎಲ್ಲರೂ ತಮ್ಮ ಡ್ರೈವರನ್ನು ಮುಕ್ತವಾಗಿ ಕೊಡುವುದಿಲ್ಲ, ಹಾಗಾಗಿ ಕೆಲವು ಚಿಪ್‌ಗಳು ಮೊದಲಿಗೆ ಏಳುವುದಿಲ್ಲ. ಫೋನನ್ನು ಕೇಬಲ್‌ನಿಂದ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ಇಂಟರ್‌ನೆಟ್ ಬಂತು. ಡ್ರೈವರ್ ಮ್ಯಾನೇಜರ್ ತೆರೆದರೆ ನಮ್ಮ ಚಿಪ್‌ಗೆ ಬೇಕಾದದ್ದು ಅಲ್ಲೇ ಇತ್ತು. ಹಾಕಿದ ಮೇಲೆ ವೈಫೈ ಎದ್ದಿತು.

ಸದ್ದು, ಮೈಕ್, ಕ್ಯಾಮೆರಾ: ಬ್ರೌಸರಿನಲ್ಲೇ ಒಂದು ವಿಡಿಯೋ ಕಾಲ್ ಮಾಡಿ. ಮೂರೂ ಒಟ್ಟಿಗೆ ಗೊತ್ತಾಗುತ್ತದೆ. ನಮ್ಮದು ಪಾಸ್.

ನಿದ್ದೆ: ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಪರದೆ ಮರಳಿ ಬರಬೇಕು, ವೈಫೈ ಮತ್ತೆ ಸಿಗಬೇಕು. ಹೆಚ್ಚಿನವರು ಪರೀಕ್ಷಿಸದೆ ಬಿಡುವುದು ಇದನ್ನೇ, ಆಮೇಲೆ ದಿನಾ ಕಾಡುವುದೂ ಇದೇ. ಎರಡು ಸಲ ನೋಡಿದೆ, ಪಾಸ್.

ಟಚ್‌ಪ್ಯಾಡ್, ಪರದೆ ಬೆಳಕಿನ ಕೀ, ಬ್ಲೂಟೂತ್, ಎಚ್‌ಡಿಎಂಐ: ಎಲ್ಲ ಪಾಸ್. ಬೆರಳಚ್ಚಿನ ರೀಡರ್: ಫೇಲ್. ಅಪ್ಪ ಅದನ್ನು ಯಾವತ್ತೂ ಬಳಸಿಲ್ಲ, ನಮಗೆ ನಷ್ಟ ಇಲ್ಲ. ನಿಮಗೆ ಇರಬಹುದು.

ಬ್ಯಾಟರಿ: ಮಲೆನಾಡಿನಲ್ಲಿ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳಕ್ಕಾಗಲ್ಲ. ಚಾರ್ಜರ್ ತೆಗೆದು ಒಂದು ಗಂಟೆ ಕೆಲಸ ಮಾಡಿ, ಎಷ್ಟು ಇಳಿಯಿತು ಬರೆದುಕೊಳ್ಳಿ. ವಿಂಡೋಸ್‌ನಲ್ಲೂ ಅದನ್ನೇ ಮಾಡಿ ಹೋಲಿಸಿ.

ವೇಗವನ್ನು ಮಾತ್ರ ಇಲ್ಲಿ ಅಳೆಯಬೇಡಿ. ಪೆನ್‌ಡ್ರೈವ್‌ನಿಂದ ಓಡುವಾಗ ಎಲ್ಲವೂ ನಿಧಾನವೇ. ಇನ್ನೊಂದು ವಿಷಯ, ವಿಂಡೋಸ್‌ಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಬಹುದು. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುವುದು ಇದಕ್ಕೆ ಕಾರಣ. ಗಾಬರಿ ಬೇಡ, ಸಮಯ ಸರಿಮಾಡಿದರೆ ಮುಗಿಯಿತು.

ಅಕ್ಷರ ಹೋಗಿ ಪೌಂಡ್ ಬಂತು

ಈಗ ಅಪ್ಪನ ಪ್ರಶ್ನೆ. ಲೈವ್ ಲಿನಕ್ಸ್‌ನಲ್ಲೇ ವಿಂಡೋಸ್ ಡಿಸ್ಕ್ ತೆರೆದು ನೋಡಬಹುದು. ಮಳೆ ಫೋಲ್ಡರಿಗೆ ಹೋಗಿ 2006ರ ಫೈಲಿನ ಮೇಲೆ ಒತ್ತಿದೆ. ಲಿಬ್ರೆಆಫೀಸ್‌ನಲ್ಲಿ ತೆರೆಯಿತು. ಅಂಕಿ ಎಲ್ಲ ಸರಿ ಇದ್ದವು. ಕನ್ನಡ ಇರಬೇಕಾದ ಕಡೆ ಮಾತ್ರ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೆರೆ ಹೊತ್ತ ಅಕ್ಷರ, ನಡುನಡುವೆ ಪೌಂಡ್ ಚಿಹ್ನೆ.

ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಹೋಯ್ತಾ?" ಅಂದರು, ಅಷ್ಟೇ.

ಹೋಗಿರಲಿಲ್ಲ. ಆ ಕಾಲದ ಕನ್ನಡ ತಂತ್ರಾಂಶಗಳು ಕೆಲಸ ಮಾಡುತ್ತಿದ್ದ ರೀತಿಯೇ ಹಾಗೆ. ಕಂಪ್ಯೂಟರಿನ ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷಿನ ಸಂಕೇತ, ಅದರ ಮೇಲೆ ಕನ್ನಡದ ಚಿತ್ರ ಹೊದಿಸಿದ ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹೊದಿಕೆ ಜಾರಿ ಒಳಗಿನದು ಕಾಣುತ್ತದೆ. ಇದು ಲಿನಕ್ಸ್ ತಪ್ಪಲ್ಲ, ಆ ಫಾಂಟ್ ಇಲ್ಲದ ಹೊಸ ವಿಂಡೋಸ್ ಲ್ಯಾಪ್‌ಟಾಪ್ ತಂದಿದ್ದರೂ ಹೀಗೇ ಆಗುತ್ತಿತ್ತು. ಯೂನಿಕೋಡ್ ಬೇರೆ ರೀತಿ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. ತಮಾಷೆ ಅಂದರೆ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದೂ ಲಿನಕ್ಸ್ ಹುಟ್ಟಿದ 1991ರಲ್ಲೇ, ಕನ್ನಡ ಅದರಲ್ಲೇ ಇತ್ತು. ನಮ್ಮ ಮೇಜಿಗೆ ಬರಲು ತಡ ಆಯಿತು.

ಪಕ್ಕದ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಅಷ್ಟು ತಲೆಕೆಡಿಸಿಕೊಂಡದ್ದು ಯಾಕೆ ಅಂತ ಅವತ್ತು ನನಗೆ ಅರ್ಥ ಆಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ನಾವು ಬರೆದದ್ದು ಮುಂದೆ ನಮಗೇ ಓದಲು ಸಿಗಬೇಕು ಅನ್ನುವುದು ಪಂಡಿತರ ಜಗಳ ಅಂದುಕೊಂಡಿದ್ದೆ. ಅದು ಅಪ್ಪನ ಮಳೆಯ ವಿಷಯವೂ ಹೌದು.

ಪರಿಹಾರ ಎರಡು ಹಂತದ್ದು. ಹಳೆಯ ಫಾಂಟ್ ಫೈಲು ವಿಂಡೋಸ್ ಡಿಸ್ಕಿನಲ್ಲೇ ಇತ್ತು. ಅದನ್ನು ಲೈವ್ ಲಿನಕ್ಸ್‌ಗೆ ತಂದು ಹಾಕಿದೆ, ಕನ್ನಡ ಮರಳಿತು. ಅದು ತಾತ್ಕಾಲಿಕ. ಶಾಶ್ವತ ಆಗಬೇಕಾದರೆ ಯೂನಿಕೋಡ್‌ಗೆ ಪರಿವರ್ತನೆ ಮಾಡಬೇಕು. ಅದಕ್ಕೆ ಸಂಚಯದವರ ಪರಿವರ್ತಕದಂಥ ಉಚಿತ ಸಾಧನಗಳಿವೆ. ಒಂದು ಫೈಲು ಮಾಡಿ ನೋಡಿದೆ. ಒಂದೆರಡು ಒತ್ತಕ್ಷರ ಆಚೀಚೆ ಆಗಿತ್ತು, ಉಳಿದದ್ದೆಲ್ಲ ಸರಿ. ಪರದೆಯ ಮೇಲೆ ಕನ್ನಡ ತೋರಿಸಲು ಲಿನಕ್ಸ್‌ನಲ್ಲಿ ಸಿಗುವ ಫಾಂಟುಗಳ ಹೆಸರು ಏನು ಗೊತ್ತಾ? ಗುಬ್ಬಿ, ನವಿಲು.

ಇನ್ನು ಟೈಪಿಂಗ್. ಅಪ್ಪನ ಬೆರಳಿಗೆ ಹತ್ತಿರುವುದು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ. ಕೀಬೋರ್ಡ್ ಸೆಟಿಂಗ್‌ನಲ್ಲಿ ಭಾರತದ ಪಟ್ಟಿ ತೆರೆದರೆ ಕನ್ನಡದ ಕೆಳಗೆ 'ಕಗಪ' ಅಂತ ಸಿಗುತ್ತದೆ. ಹಾಕಿಕೊಟ್ಟೆ. ಅಪ್ಪ ಎರಡು ಬೆರಳಲ್ಲಿ "ಹೂ ಮಳೆ" ಅಂತ ಕುಟ್ಟಿದರು. ಬಂತು.

ಎಲ್ಲರ ಉತ್ತರ ಒಂದೇ ಅಲ್ಲ

ಕ್ರಿಸ್‌ಮಸ್ ರಜೆಗೆ ಕಾಸರಗೋಡಿನಿಂದ ಚಿಕ್ಕಮ್ಮನ ಮೊಮ್ಮಗಳು ಬಂದಿದ್ದಳು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಎಂಟನೇ ಕ್ಲಾಸು. ನನ್ನ ಪರದೆ ನೋಡಿ, "ಇದು ನಮ್ಮ ಶಾಲೆದ್ದರ ಹಾಗೇ ಉಂಟಲ್ಲ ಅತ್ತೆ!" ಅಂದಳು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್‌ನಲ್ಲೇ. ಅಲ್ಲಿನ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಉಬುಂಟು ಆಧಾರದ ಆವೃತ್ತಿ ಸಿದ್ಧಮಾಡುತ್ತದೆ. ನಾವು ಎಂಜಿನಿಯರಿಂಗ್ ಮುಗಿಸಿದವರು ಹೆದರುವುದನ್ನು ಆ ಹುಡುಗಿ ಚಿತ್ರ ಬರೆಯಲು ಬಳಸುತ್ತಾಳೆ.

ಉತ್ಸಾಹದಲ್ಲಿ ಪಕ್ಕದ ಮನೆಯ ಅಣ್ಣನ ಲ್ಯಾಪ್‌ಟಾಪಿಗೂ ಪೆನ್‌ಡ್ರೈವ್ ಸಿಕ್ಕಿಸಿದೆ. ವೈಫೈ, ಸದ್ದು, ನಿದ್ದೆ ಎಲ್ಲ ಮೊದಲ ಸಲಕ್ಕೇ ಪಾಸ್. ಯಂತ್ರ ನಮ್ಮದಕ್ಕಿಂತ ಚೆನ್ನಾಗಿ ಒಪ್ಪಿತು. ಆದರೆ ಅವರ ಕೆಲಸ ಪೂರ್ತಿ ಟ್ಯಾಲಿಯಲ್ಲಿ. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು. ಜೊತೆಗೆ ಡಿಜಿಟಲ್ ಸಹಿಯ ಟೋಕನ್, ಮ್ಯಾಕ್ರೋ ತುಂಬಿದ ಎಕ್ಸೆಲ್ ಹಾಳೆಗಳು. "ಬೇಡ ಅಣ್ಣ, ನೀವು ವಿಂಡೋಸ್‌ನಲ್ಲೇ ಇರಿ, ಸದ್ಯಕ್ಕೆ ಆ ಹೆಚ್ಚುವರಿ ಅಪ್‌ಡೇಟ್ ಹಾಕ್ಕೊಳ್ಳಿ" ಅಂದೆ. ಲಿನಕ್ಸ್ ಬೇಡ ಅಂತ ಮೊದಲೇ ಗೊತ್ತಾಗುವುದೂ ಒಳ್ಳೆಯ ಫಲಿತಾಂಶವೇ. ಅರ್ಧ ದಿನ ಹೋಯಿತು, ಲೆಕ್ಕಪತ್ರ ಉಳಿಯಿತು.

ಹಾಗಾಗಿ ನಿಮ್ಮ ಹಾಳೆಯಲ್ಲಿ ಎರಡು ಕಾಲಂ ಇರಲಿ. ಒಂದರಲ್ಲಿ ಯಂತ್ರ ಮಾಡುವುದು, ಇನ್ನೊಂದರಲ್ಲಿ ನೀವು ಮಾಡುವುದು. ಜೂಮ್‌ಗೆ ಲಿನಕ್ಸ್ ಆವೃತ್ತಿ ಇದೆ, ಟೀಮ್ಸ್ ಬ್ರೌಸರಿನಲ್ಲಿ ಓಡುತ್ತದೆ. ಬ್ಯಾಂಕು, ಜಿಮೇಲು, ಯೂಟ್ಯೂಬಿಗೆ ತೊಂದರೆ ಇಲ್ಲ. ನಿಮ್ಮ ವಿಪಿಎನ್, ಪ್ರಿಂಟರ್, ಫೋಟೋಶಾಪ್, ಆಟಗಳು? ಒಂದೊಂದನ್ನೂ ಲೈವ್‌ನಲ್ಲೇ ತೆರೆದು ನೋಡಿ, ತೆರೆಯದ್ದಕ್ಕೆ ಬದಲಿ ಹುಡುಕಿ. ಎರಡನೇ ಕಾಲಂನಲ್ಲಿ ಬಿಡಲಾಗದ ಒಂದು ಫೇಲ್ ಇದ್ದರೂ ಇನ್‌ಸ್ಟಾಲ್ ಬೇಡ.

ನಮ್ಮದು ಪಾಸಾಯಿತು. ಆದರೂ ಹಳೆಯದನ್ನು ಅಳಿಸಲಿಲ್ಲ. ಜನವರಿಯಲ್ಲಿ ಚಿಕ್ಕಮಗಳೂರಿನಿಂದ ಒಂದು ಎಸ್‌ಎಸ್‌ಡಿ ತಂದು, ಹಳೆಯ ಡಿಸ್ಕ್ ಬಿಚ್ಚಿ, ಆ ಜಾಗಕ್ಕೆ ಹೊಸದನ್ನು ಕೂರಿಸಿ ಅದರ ಮೇಲೆ ಮಿಂಟ್ ಹಾಕಿದೆ. ತಿರುಗುವ ಹಾರ್ಡ್‌ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ವಿಂಡೋಸ್ ಇರುವ ಹಳೆಯ ಡಿಸ್ಕ್ ಅಮ್ಮನ ಬೀರುವಿನಲ್ಲಿ, ಕವರಿನೊಳಗೆ ಭದ್ರವಾಗಿದೆ. ಬೇಡ ಅನಿಸಿದ ದಿನ ಅದನ್ನೇ ಮತ್ತೆ ಕೂರಿಸಿದರಾಯಿತು.

ಮಳೆ ಫೈಲುಗಳನ್ನು ಯೂನಿಕೋಡ್ ಮಾಡಲು ಎರಡು ವಾರಾಂತ್ಯ ಹಿಡಿಯಿತು. ಪ್ರತಿ ವರ್ಷದ್ದನ್ನೂ ಅಪ್ಪ ತಮ್ಮ ಪುಸ್ತಕದ ಜೊತೆ ತಾಳೆ ನೋಡಿದರು. ಒತ್ತಕ್ಷರ ತಪ್ಪಿದ ಕಡೆ ಅವರೇ ತಿದ್ದಿದರು.

ಫೆಬ್ರವರಿ ಮೂರನೇ ವಾರ ಬೆಳಿಗ್ಗೆ ಫೋನ್ ಬಂತು. ಸ್ಪ್ರಿಂಕ್ಲರ್ ಹಾಕುವುದೋ, ಇನ್ನೊಂದು ವಾರ ಕಾಯುವುದೋ ಅಂತ ಯೋಚನೆಯಲ್ಲಿದ್ದರು. ಮಳೆ ಫೈಲನ್ನು ಅವರ ಫೋನಿಗೂ ಹಾಕಿಕೊಟ್ಟಿದ್ದೆ. ಮೊದಲೆಲ್ಲ ಫೋನಿನಲ್ಲಿ ಆ ಫೈಲು ತೆರೆದರೆ ಬರೀ ಪೌಂಡು ಕಾಣುತ್ತಿತ್ತು.

"ತೋಟದಲ್ಲೇ ನಿಂತ್ಕೊಂಡು ನೋಡ್ತಾ ಇದ್ದೀನಿ. 'ಹೂ ಮಳೆ' ಅಂತ ಹುಡುಕಿದೆ, ಇಪ್ಪತ್ತು ವರ್ಷದ್ದೂ ಬಂತು," ಅಂದರು.

"ಮತ್ತೆ, ಏನು ಮಾಡ್ತೀರಿ ಅಪ್ಪ?"

"ಒಂದು ವಾರ ಕಾಯ್ತೀನಿ."